ನಮ್ಮ ಆಲ್ಟೊಗೆ ಎಸಿ ಹಾಕಿಸಿದ ಲೆಕ್ಕ



ಕಲಬುರಗಿ ಕಡೆಯ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42, 43 ಡಿಗ್ರಿ ಮುಟ್ಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅದಕ್ಕಿಂತಲೂ ಹೆಚ್ಚು. ನಮ್ಮ ಮನೆಯಲ್ಲಿರುವುದು 2014ರ ಆಲ್ಟೊ 800, ಸ್ಟ್ಯಾಂಡರ್ಡ್ ಮಾಡೆಲ್. ಅಂದರೆ ಕಂಪನಿಯಿಂದಲೇ ಎಸಿ ಇಲ್ಲದೆ ಬಂದ ಕಾರು. ಅಬ್ಬಾ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಎಸಿಯ ಮಾತು ಯಾರೂ ಎತ್ತಿರಲಿಲ್ಲ. ಕಿಟಕಿ ಇಳಿಸಿದರೆ ಗಾಳಿ ಬರುತ್ತದೆ, ಅಷ್ಟು ಸಾಕು ಎನ್ನುತ್ತಿದ್ದೆವು.

ಕಳೆದ ವರ್ಷದಿಂದ ನನ್ನ ದಾದಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ನಮ್ಮೂರಿನಿಂದ ಕಲಬುರಗಿಗೆ 30 ಕಿಲೋಮೀಟರ್. ಬೆಳಗ್ಗೆ ಹೋಗುವಾಗ ಪರವಾಗಿಲ್ಲ. ನಾಲ್ಕು ಗಂಟೆಯ ಡಯಾಲಿಸಿಸ್ ಮುಗಿಸಿ ಹೊರಡುವಾಗ ಮಧ್ಯಾಹ್ನ ಒಂದು ಗಂಟೆ. ಡಯಾಲಿಸಿಸ್ ಆದವರು ಮೊದಲೇ ಸುಸ್ತಾಗಿರುತ್ತಾರೆ. ಅದರ ಮೇಲೆ ಅವರು ದಿನಕ್ಕೆ ಇಷ್ಟೇ ನೀರು ಕುಡಿಯಬೇಕು ಎಂಬ ಮಿತಿ ಇರುತ್ತದೆ. ಬಿಸಿಗಾಳಿ ಮುಖಕ್ಕೆ ಬಡಿಯುವಾಗ ಬಾಯಿ ಒಣಗುತ್ತದೆ. ಆದರೆ ಬಾಟಲಿ ಕೈಯಲ್ಲಿದ್ದರೂ ಕುಡಿಯುವಂತಿಲ್ಲ. ಇದನ್ನು ನೋಡಿ ಅಬ್ಬಾ ಒಂದು ದಿನ, "ಕಾರಿಗೆ ಎಸಿ ಹಾಕಿಸಿಬಿಡೋಣ" ಎಂದರು. ದಾದಿ ತಕ್ಷಣ ಹೇಳಿದ್ದು ಒಂದೇ ಪದ: "ಇಸ್ರಾಫ್." ಅಂದರೆ ದುಂದುವೆಚ್ಚ. ನನಗೋಸ್ಕರ ಹಳೆಯ ಕಾರಿಗೆ ಅಷ್ಟು ಹಣ ಸುರಿಯಬೇಡಿ ಎಂದು ಅವರ ಹಠ.

ನಾನು ಕಾಮರ್ಸ್ ವಿದ್ಯಾರ್ಥಿ. ಇದು ದುಂದುವೆಚ್ಚವೋ ಅಗತ್ಯವೋ ಎಂದು ಲೆಕ್ಕ ಹಾಕಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಲೆಕ್ಕ ಹಾಕಬೇಕಾದರೆ ಮೊದಲು ವಸ್ತುವನ್ನು ತಿಳಿಯಬೇಕಲ್ಲವೇ? ಹಾಗೆ ಎರಡು ವಾರ ಗ್ಯಾರೇಜಿನಲ್ಲಿ ನಿಂತು, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಎಸಿ ಇಲ್ಲದ ಕಾರು ಅಥವಾ ವ್ಯಾನ್ ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ಎಸಿ ತಂಪನ್ನು ತಯಾರಿಸುವುದಿಲ್ಲ

ಎಸಿ ತಂಪು ಗಾಳಿಯನ್ನು ತಯಾರಿಸುವ ಪೆಟ್ಟಿಗೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಎಸಿ ಮಾಡುವುದು ಸಾಗಾಣಿಕೆ ಕೆಲಸ. ಕಾರಿನ ಒಳಗಿರುವ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಇಳಿಸಿ ಬರುತ್ತದೆ.

ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ಆ ಜಾಗ ತಣ್ಣಗಾಗುತ್ತದೆ. ಸ್ಪಿರಿಟ್ ಆವಿಯಾಗಲು ಬೇಕಾದ ಶಾಖವನ್ನು ನಮ್ಮ ಚರ್ಮದಿಂದಲೇ ತೆಗೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಹೈಸ್ಕೂಲಿನಲ್ಲಿ ಗುಪ್ತೋಷ್ಣ ಎಂದು ಓದಿದ್ದೇವೆ. ದ್ರವ ಆವಿಯಾಗುವಾಗ ಶಾಖವನ್ನು ನುಂಗುತ್ತದೆ, ಆವಿ ಮತ್ತೆ ದ್ರವವಾಗುವಾಗ ಅದೇ ಶಾಖವನ್ನು ಬಿಟ್ಟುಕೊಡುತ್ತದೆ. ಎಸಿಯ ಗುಟ್ಟು ಇಷ್ಟೇ.

ಹಾಗಾದರೆ ಮನೆಯ ಕೂಲರಿನಂತೆ ನೀರಿನಿಂದಲೇ ಕಾರನ್ನು ತಂಪು ಮಾಡಬಾರದೇ? ನಾವು ಮೊದಲು ಅದನ್ನೇ ಮಾಡಿ ನೋಡಿದೆವು. 12 ವೋಲ್ಟಿನ ಸಣ್ಣ ಕೂಲರ್ ತಂದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟೆವು. ಹತ್ತು ನಿಮಿಷ ಹಾಯೆನಿಸಿತು. ಆಮೇಲೆ ಒಳಗೆಲ್ಲ ತೇವ ತುಂಬಿ ಉಸಿರು ಕಟ್ಟಿದಂತಾಯಿತು. ಕೂಲರ್ ಕೆಲಸ ಮಾಡಬೇಕಾದರೆ ಒಣಗಾಳಿ ಒಳಗೆ ಬರುತ್ತಿರಬೇಕು, ತೇವದ ಗಾಳಿ ಹೊರಗೆ ಹೋಗುತ್ತಿರಬೇಕು. ಅದಕ್ಕೇ ಕಲಬುರಗಿಯಲ್ಲಿ ಕಿಟಕಿಗೆ ಕಟ್ಟಿದ ಕೂಲರ್ ಚೆನ್ನಾಗಿ ನಡೆಯುತ್ತದೆ, ಗಾಳಿಯಲ್ಲೇ ತೇವವಿರುವ ಮಂಗಳೂರಿನಲ್ಲಿ ನಡೆಯುವುದಿಲ್ಲ. ಗಾಜು ಮುಚ್ಚಿದ ಕಾರಿನಲ್ಲಿ ಅದು ಎಲ್ಲಿಯೂ ನಡೆಯುವುದಿಲ್ಲ.

ಐದು ಭಾಗ, ಒಂದು ಸುತ್ತು

ಎಸಿಯಲ್ಲಿ ನೀರಿನ ಬದಲು ಒಂದು ವಿಶೇಷ ಗ್ಯಾಸ್ ಇರುತ್ತದೆ. ನಮ್ಮ ದೇಶದಲ್ಲಿ ಈಗ ಓಡುತ್ತಿರುವ ಹೆಚ್ಚಿನ ಕಾರುಗಳಲ್ಲಿ ಇರುವುದು ಆರ್-134ಎ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಇದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಒತ್ತಡ ಹೆಚ್ಚಿಸಿದರೆ ಕುದಿಯುವ ಉಷ್ಣಾಂಶವೂ ಏರುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುವುದು ಹೀಗೆಯೇ.

ಈಗ ಒಂದು ಪ್ರಶ್ನೆ. ಶಾಖ ಯಾವಾಗಲೂ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹರಿಯುತ್ತದೆ. ಕಾರಿನ ಒಳಗೆ 25 ಡಿಗ್ರಿ ಬೇಕು, ಹೊರಗೆ 43 ಡಿಗ್ರಿ ಇದೆ. ಒಳಗಿನ ಶಾಖ ಹೊರಗೆ ಹೋಗುವುದು ಹೇಗೆ? ಉತ್ತರ ಒತ್ತಡದಲ್ಲಿದೆ.

ಒಳಗೆ ಡ್ಯಾಶ್‌ಬೋರ್ಡಿನ ಹಿಂದೆ ಇರುವ ಸಣ್ಣ ಜಾಲರಿಗೆ ಇವಾಪರೇಟರ್ ಎನ್ನುತ್ತಾರೆ. ಇಲ್ಲಿ ಒತ್ತಡ ಕಡಿಮೆ, ಸುಮಾರು 30 ಪಿಎಸ್‌ಐ, ಅಂದರೆ ಕಾರಿನ ಟೈರಿನಲ್ಲಿರುವಷ್ಟು. ಈ ಒತ್ತಡದಲ್ಲಿ ಗ್ಯಾಸ್ ಸುಮಾರು 0 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಬ್ಲೋವರ್ ಫ್ಯಾನ್ ಒಳಗಿನ ಗಾಳಿಯನ್ನು ಅದರ ಮೇಲೆ ಹಾಯಿಸುತ್ತದೆ. ಗಾಳಿಯ ಶಾಖ ಗ್ಯಾಸಿಗೆ ಹೋಗುತ್ತದೆ.

ಆವಿಯಾದ ಗ್ಯಾಸ್ ಇಂಜಿನ್ ಪಕ್ಕದ ಕಂಪ್ರೆಸರಿಗೆ ಬರುತ್ತದೆ. ಬೆಲ್ಟಿನ ಮೂಲಕ ಇಂಜಿನ್ ಅದನ್ನು ತಿರುಗಿಸುತ್ತದೆ. ಕಂಪ್ರೆಸರ್ ಗ್ಯಾಸನ್ನು ಒತ್ತಿ ಸುಮಾರು 200 ಪಿಎಸ್‌ಐಗೆ ಏರಿಸುತ್ತದೆ. ಈ ಒತ್ತಡದಲ್ಲಿ ಗ್ಯಾಸ್ ಸುಮಾರು 55 ಡಿಗ್ರಿಯಲ್ಲೇ ದ್ರವವಾಗಬಲ್ಲದು. ಮೂರನೆಯದು ರೇಡಿಯೇಟರಿನ ಮುಂದೆ ಕೂರುವ ಕಂಡೆನ್ಸರ್. ಅದರೊಳಗೆ 55 ಡಿಗ್ರಿ, ಹೊರಗೆ 43 ಡಿಗ್ರಿ. ಈಗ 43 ಡಿಗ್ರಿಯ ಗಾಳಿಯೇ ತಂಪು! ಶಾಖ ಹೊರಗೆ ಹರಿಯುತ್ತದೆ, ಗ್ಯಾಸ್ ದ್ರವವಾಗುತ್ತದೆ.

ನಾಲ್ಕನೆಯದು ಡ್ರೈಯರ್ ಬಾಟಲಿ. ಅದು ದ್ರವದಲ್ಲಿನ ತೇವ ಮತ್ತು ಕಸ ಹಿಡಿಯುತ್ತದೆ. ಐದನೆಯದು ಎಕ್ಸ್‌ಪ್ಯಾನ್ಶನ್ ವಾಲ್ವ್. ಇದು ಸೂಜಿಯಷ್ಟು ಸಣ್ಣ ದಾರಿ. ಅದನ್ನು ದಾಟಿದ ಕೂಡಲೇ ಒತ್ತಡ ಇಳಿದು ಗ್ಯಾಸ್ ಮತ್ತೆ ತಣ್ಣಗಾಗಿ ಇವಾಪರೇಟರಿಗೆ ಬರುತ್ತದೆ. ಹೀಗೆ ಸುತ್ತು ಮುಂದುವರಿಯುತ್ತದೆ. ಎಸಿ ಹಾಕಿದ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಗಾಳಿಯಲ್ಲಿದ್ದ ತೇವ. ತಣ್ಣನೆಯ ಇವಾಪರೇಟರ್ ಮೇಲೆ ಅದು ಹನಿಯಾಗಿ ಇಳಿಯುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ.

ಕಂಪನಿ ಎಸಿ ಇಲ್ಲದ ಕಾರನ್ನು ಏಕೆ ಮಾಡಿತು?

ಕಾರಿನಲ್ಲಿ ಎಸಿ ಬಹಳ ದಿನ ಶ್ರೀಮಂತರ ವಸ್ತುವಾಗಿತ್ತು. ಕಾರ್ಖಾನೆಯಿಂದಲೇ ಎಸಿ ಹಾಕಿ ಕೊಡುವುದನ್ನು ಮೊದಲು ಶುರು ಮಾಡಿದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1940ರ ಮಾಡೆಲಿನಲ್ಲಿ. ಅದಕ್ಕೆ ಪ್ರತ್ಯೇಕವಾಗಿ 274 ಡಾಲರ್ ಕೊಡಬೇಕಿತ್ತು. ಯಂತ್ರದ ದೊಡ್ಡ ಭಾಗ ಡಿಕ್ಕಿಯಲ್ಲಿ ಕೂರುತ್ತಿತ್ತು. ತಮಾಷೆ ಏನೆಂದರೆ ಕಂಪ್ರೆಸರನ್ನು ಬೇಕಾದಾಗ ಬಿಡಿಸುವ ಕ್ಲಚ್ ಅದರಲ್ಲಿ ಇರಲಿಲ್ಲ. ಎಸಿ ಬೇಡವೆಂದರೆ ಇಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು ಬೆಲ್ಟ್ ಕಳಚಬೇಕಿತ್ತು. ಈಗ ನಾವು ಒಂದು ಬಟನ್ ಒತ್ತುತ್ತೇವೆ, ಅಯಸ್ಕಾಂತದ ಕ್ಲಚ್ "ಟಕ್" ಎಂದು ಹಿಡಿಯುತ್ತದೆ ಅಥವಾ ಬಿಡುತ್ತದೆ.

ಭಾರತದಲ್ಲಿ ಮಾರುತಿ 800 ಡಿಸೆಂಬರ್ 1983ರಲ್ಲಿ ಬಂತು. ಸಾಮಾನ್ಯ ಮನೆಗೂ ಕಾರು ಸಿಗಬೇಕಾದರೆ ಬೆಲೆ ಇಳಿಯಬೇಕು. ಬೆಲೆ ಇಳಿಸಲು ಬಿಡಬಹುದಾದ ದೊಡ್ಡ ವಸ್ತು ಎಸಿ. ಹಾಗಾಗಿ ಒಂದೇ ಕಾರನ್ನು ಎಸಿ ಇಲ್ಲದ ಸ್ಟ್ಯಾಂಡರ್ಡ್, ಎಸಿ ಇರುವ ಮೇಲಿನ ಮಾಡೆಲ್ ಎಂದು ಎರಡು ಬಗೆಯಲ್ಲಿ ಮಾರುವ ಪದ್ಧತಿ ಇಲ್ಲಿ ಬೆಳೆಯಿತು. ನಮ್ಮ ಆಲ್ಟೊ 800 ಕೂಡ ಹೀಗೆಯೇ. ಸ್ಟ್ಯಾಂಡರ್ಡಿನಲ್ಲಿ ಎಸಿ ಇಲ್ಲ, ಎಲ್‌ಎಕ್ಸ್‌ನಲ್ಲಿ ಇದೆ.

ಇದು ನಮಗೆ ಅನುಕೂಲವೂ ಆಯಿತು. ಅದೇ ಕಾರು ಎಸಿ ಜೊತೆಗೂ ಮಾರಾಟವಾಗಿದ್ದರೆ ಕಂಪ್ರೆಸರ್ ಕೂರಿಸುವ ಬ್ರಾಕೆಟ್, ಪೈಪು, ಇವಾಪರೇಟರ್ ಪೆಟ್ಟಿಗೆ ಎಲ್ಲ ಅಳತೆಗೆ ಸರಿಯಾಗಿ ಸಿಗುತ್ತವೆ. ಎಸಿ ಜೊತೆ ಎಂದೂ ಬರದ ಕಾರಾದರೆ ಬ್ರಾಕೆಟ್ಟನ್ನು ವೆಲ್ಡಿಂಗ್ ಮಾಡಿಸಬೇಕು, ಪೈಪನ್ನು ಅಳತೆ ನೋಡಿ ಮಾಡಿಸಬೇಕು, ಡ್ಯಾಶ್‌ಬೋರ್ಡ್ ಕೆಳಗೆ ಬೇರೆ ಪೆಟ್ಟಿಗೆ ತೂಗುಹಾಕಬೇಕು. ಆದ್ದರಿಂದ ಮೊದಲ ಪ್ರಶ್ನೆ ಇದು: ನಿಮ್ಮ ಕಾರಿನ ಎಸಿ ಇರುವ ಅಣ್ಣನೋ ತಮ್ಮನೋ ಮಾರುಕಟ್ಟೆಯಲ್ಲಿ ಇದ್ದಾನೆಯೇ?

ಭಾರ ಯಾರ ಮೇಲೆ?

ನಾನು ಕಲಿತ ಮುಖ್ಯ ಪಾಠ ಇಲ್ಲಿದೆ. ಎಸಿ ಹಾಕುವುದೆಂದರೆ ಫ್ಯಾನ್ ಹಾಕಿದಂತಲ್ಲ. ಅದು ಇಡೀ ಕಾರಿನ ಮೇಲೆ ಹೊಸ ಭಾರ.

ಮೊದಲ ಭಾರ ಇಂಜಿನಿನ ಮೇಲೆ. ಸಣ್ಣ ಕಾರಿನ ಕಂಪ್ರೆಸರ್ ತಿರುಗಲು ಸುಮಾರು ಎರಡರಿಂದ ನಾಲ್ಕು ಅಶ್ವಶಕ್ತಿ ಬೇಕು. ನಮ್ಮ 796 ಸಿಸಿ ಇಂಜಿನಿನ ಗರಿಷ್ಠ ಶಕ್ತಿ ಸುಮಾರು 47 ಅಶ್ವಶಕ್ತಿ, ಅದೂ ವೇಗವಾಗಿ ತಿರುಗುವಾಗ ಮಾತ್ರ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಕೊಡುವ ಶಕ್ತಿ ಬಹಳ ಕಡಿಮೆ. ಆಗ ಕಂಪ್ರೆಸರ್ ಹಿಡಿದರೆ ಕಾರು ನಡುಗುತ್ತದೆ ಅಥವಾ ಬಂದ್ ಆಗುತ್ತದೆ. ಅದಕ್ಕೆ ಎಸಿ ಹಾಕಿದ ಕ್ಷಣ ಇಂಜಿನ್ ವೇಗ ಸ್ವಲ್ಪ ಏರುವ ವ್ಯವಸ್ಥೆ ಬೇಕು. ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ ಇದಕ್ಕೆ ಪ್ರತ್ಯೇಕ ಸಾಧನ ಹಾಕುತ್ತಿದ್ದರು. ಈಗಿನ ಕಾರುಗಳಲ್ಲಿ ಎಸಿ ಆನ್ ಆಗಿದೆ ಎಂಬ ಸಂಕೇತ ಇಂಜಿನಿನ ಕಂಪ್ಯೂಟರಿಗೆ ಹೋಗಬೇಕು. ಆ ವೈರನ್ನು ಕೊಡದೆ ಕೆಲಸ ಮುಗಿಸಿದರೆ ಎಸಿ ತಂಪು ಕೊಟ್ಟರೂ ಕಾರು ಹಿಂಸೆ ಕೊಡುತ್ತದೆ.

ಎರಡನೆಯ ಭಾರ ರೇಡಿಯೇಟರಿನ ಮೇಲೆ. ಅದರ ಮುಂದೆಯೇ ಬಿಸಿಯಾದ ಕಂಡೆನ್ಸರ್ ಕೂತಿರುತ್ತದೆ. ಹಿಂದೆ ರೇಡಿಯೇಟರಿಗೆ 43 ಡಿಗ್ರಿಯ ಗಾಳಿ ಸಿಗುತ್ತಿತ್ತು, ಈಗ ಅದಕ್ಕಿಂತ ಬಿಸಿ ಗಾಳಿ ಸಿಗುತ್ತದೆ. ಆದ್ದರಿಂದ ಕಂಡೆನ್ಸರಿಗೆ ಫ್ಯಾನ್ ಬೇಕು, ಕೂಲೆಂಟ್ ಸರಿಯಿರಬೇಕು, ರೇಡಿಯೇಟರ್ ಕಟ್ಟಿಕೊಂಡಿರಬಾರದು.

ಮೂರನೆಯ ಭಾರ ಬ್ಯಾಟರಿ ಮತ್ತು ಆಲ್ಟರ್ನೇಟರಿನ ಮೇಲೆ. ಬ್ಲೋವರ್, ಕಂಡೆನ್ಸರ್ ಫ್ಯಾನ್, ಕ್ಲಚ್ ಮೂರೂ ಸೇರಿ 20 ಆಂಪಿಯರಿನಷ್ಟು ಎಳೆಯಬಹುದು. ಇದನ್ನು ಸ್ವಿಚ್ಚಿನ ಸಣ್ಣ ವೈರಿಗೆ ಸುತ್ತಿ ಕೊಟ್ಟರೆ ವೈರ್ ಸುಡುತ್ತದೆ. ದಪ್ಪ ವೈರ್, ರಿಲೇ, ಪ್ರತ್ಯೇಕ ಫ್ಯೂಸ್ ಇರಲೇಬೇಕು.

ನಾಲ್ಕನೆಯ ಭಾರ ನಮ್ಮ ಜೇಬಿನ ಮೇಲೆ. ಅದಕ್ಕೆ ಮುಂದೆ ಬರುತ್ತೇನೆ.

ಇಷ್ಟು ಸಣ್ಣ ಕಾರಿಗೆ ಇಷ್ಟೆಲ್ಲ ಏಕೆ ಎಂದು ನಿಮಗೆ ಅನಿಸಬಹುದು. ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಕಾರಿಗೆ ನಾಲ್ಕೂ ಕಡೆ ಗಾಜು, ಮೇಲೆ ತಗಡು. ಹಾಗಾಗಿ ಸಣ್ಣ ಕಾರಿನ ಎಸಿಯೂ ಕೋಣೆಯ ಒಂದು ಟನ್ ಎಸಿಗೆ ಸಮೀಪದ ಕೆಲಸ ಮಾಡಬೇಕಾಗುತ್ತದೆ. ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಬೇಕಾದಷ್ಟು ಶಾಖವನ್ನು ಹೊರಹಾಕುವ ಶಕ್ತಿ, ಅಂದರೆ ಸುಮಾರು 3.5 ಕಿಲೋವ್ಯಾಟ್.

ಗ್ಯಾರೇಜಿನಲ್ಲಿ ಕಂಡದ್ದು

ಮೊದಲು ಹೋದ ಗ್ಯಾರೇಜಿನಲ್ಲಿ 18,000 ರೂಪಾಯಿಗೆ ಅರ್ಧ ದಿನದಲ್ಲಿ ಮುಗಿಸಿಕೊಡುತ್ತೇವೆ ಎಂದರು. ಹಳೆಯ ಕಂಪ್ರೆಸರ್, "ಮಿಕ್ಸ್ ಗ್ಯಾಸ್", ಬಿಲ್ಲು ಇಲ್ಲ. ಮಿಕ್ಸ್ ಗ್ಯಾಸ್ ಎಂದರೆ ಏನು ಎಂದು ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಆಮೇಲೆ ತಿಳಿಯಿತು. ಅಗ್ಗದ ಗ್ಯಾಸಿನಲ್ಲಿ ಅಡುಗೆ ಗ್ಯಾಸಿನ ಜಾತಿಯ, ಬೆಂಕಿ ಹಿಡಿಯುವ ಅನಿಲವನ್ನು ಸೇರಿಸುವುದುಂಟು. ಅದು ತಂಪೇನೋ ಕೊಡುತ್ತದೆ. ಆದರೆ ಇವಾಪರೇಟರ್ ಇರುವುದು ನಾವು ಕೂರುವ ಜಾಗದಲ್ಲಿ. ಅಲ್ಲಿ ಸೋರಿದರೆ ಮುಚ್ಚಿದ ಕಾರಿನೊಳಗೆ ಬೆಂಕಿ ಹಿಡಿಯುವ ಗ್ಯಾಸ್ ತುಂಬುತ್ತದೆ. ಆರ್-134ಎ ಹಾಗೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

ಎರಡನೆಯ ಗ್ಯಾರೇಜಿನ ಉಸ್ತಾದ್ ವಯಸ್ಸಾದವರು. ಅವರು ಎಸಿ ಮಾತೇ ಎತ್ತದೆ ಮೊದಲು ಬಾನೆಟ್ ತೆರೆದರು. ಇಂಜಿನ್ ಕಂಪ್ರೆಷನ್ ನೋಡಿದರು, ರೇಡಿಯೇಟರ್ ನೋಡಿದರು, ಬ್ಯಾಟರಿ ಚಾರ್ಜ್ ನೋಡಿದರು. "ಬೇಟಾ, ರೋಗಿ ಗಟ್ಟಿ ಇದ್ದರೆ ಮಾತ್ರ ಆಪರೇಷನ್" ಎಂದರು. ಇಂಜಿನ್ ಸವೆದಿದ್ದರೆ ಎಸಿ ಹಾಕಬೇಡಿ ಎಂದೇ ಹೇಳುತ್ತಿದ್ದೆ ಎಂದೂ ಹೇಳಿದರು. ಹೊಸ ಸಾಮಾನು, ಕೂಲಿ ಎಲ್ಲ ಸೇರಿ 38,000 ರೂಪಾಯಿ ಎಂದರು.

ಕೆಲಸಕ್ಕೆ ಎರಡು ದಿನ ಬೇಕಾಯಿತು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಇವಾಪರೇಟರ್ ಕೂರಿಸಿದರು. ನಂತರ ಕಂಪ್ರೆಸರ್, ಬೆಲ್ಟ್, ಕಂಡೆನ್ಸರ್, ಫ್ಯಾನ್, ಪೈಪು, ವೈರಿಂಗ್. ಎಲ್ಲ ಜೋಡಿಸಿದ ಮೇಲೆ ತಕ್ಷಣ ಗ್ಯಾಸ್ ತುಂಬಲಿಲ್ಲ. ಮೊದಲು ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದರು. ಆಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿ ಮುಕ್ಕಾಲು ಗಂಟೆ ಬಿಟ್ಟರು. ಪೈಪಿನೊಳಗೆ ಗಾಳಿ ಉಳಿದರೆ ಒತ್ತಡ ಕೆಡುತ್ತದೆ. ನೀರಿನ ತೇವ ಉಳಿದರೆ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ದಾರಿಯಲ್ಲಿ ಮಂಜಾಗಿ ಕಟ್ಟಿಕೊಳ್ಳುತ್ತದೆ, ಒಳಗಿನ ಲೋಹವನ್ನೂ ತಿನ್ನುತ್ತದೆ. ಕೊನೆಗೆ ತಕ್ಕಡಿ ಇಟ್ಟು ತೂಗಿ ಗ್ಯಾಸ್ ತುಂಬಿದರು. ಅಂದಾಜಿಗೆ ತುಂಬುವವರೇ ಹೆಚ್ಚು. ಆದರೆ ಗ್ಯಾಸ್ ಕಡಿಮೆಯಾದರೂ ತಂಪು ಬರುವುದಿಲ್ಲ, ಹೆಚ್ಚಾದರೂ ಬರುವುದಿಲ್ಲ. ಹೆಚ್ಚಾದರೆ ಒತ್ತಡ ಏರಿ ಕಂಪ್ರೆಸರ್ ಹಾಳಾಗುತ್ತದೆ.

ಗ್ಯಾಸಿನ ವಿಷಯದಲ್ಲಿ ಇನ್ನೊಂದು ಮಾತು. ಹಿಂದೆ ಕಾರುಗಳಲ್ಲಿ ಆರ್-12 ಎಂಬ ಗ್ಯಾಸ್ ಇತ್ತು. ಅದು ಓಝೋನ್ ಪದರವನ್ನು ಹಾಳು ಮಾಡುತ್ತದೆ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ನಿಲ್ಲಿಸಿದರು. ಆರ್-134ಎ ಓಝೋನಿಗೆ ಹಾನಿ ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ಆರ್-134ಎ ಸುಮಾರು 1,430 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಸಣ್ಣ ಕಾರಿನ ಅರ್ಧ ಕಿಲೋ ಗ್ಯಾಸ್ ಗಾಳಿಗೆ ಹೋದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹಾನಿ. ನಮಗೆ ತಂಪು ಬೇಕೆಂದು ಎಲ್ಲರ ಬಿಸಿ ಹೆಚ್ಚಿಸುವುದು ನ್ಯಾಯವಲ್ಲ. ಆದ್ದರಿಂದ ಪ್ರತಿ ಬೇಸಿಗೆಗೆ "ಗ್ಯಾಸ್ ಹಾಕಿಸುವುದು" ಮಾಮೂಲಿ ಎಂದು ತಿಳಿಯಬೇಡಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ವರ್ಷಕ್ಕೊಮ್ಮೆ ಖಾಲಿಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮೊದಲು ಸೋರಿಕೆ ಸರಿ ಮಾಡಿಸಬೇಕು.

ಈಗ ನಮ್ಮ ವಿಷಯ, ಲೆಕ್ಕ

ಕಾಮರ್ಸ್ ಗೆಳೆಯರಿಗೆ ಒಂದು ಪ್ರಶ್ನೆ. 38,000 ರೂಪಾಯಿ ಕೊಟ್ಟು ಎಸಿ ಹಾಕಿಸಿದ್ದು ಯಾವ ಖರ್ಚು? ಅದು ಕ್ಯಾಪಿಟಲ್ ಎಕ್ಸ್‌ಪೆಂಡಿಚರ್. ಏಕೆಂದರೆ ಅದರಿಂದ ಕಾರಿನ ಉಪಯುಕ್ತತೆ ಹೆಚ್ಚಿತು, ಲಾಭ ಹಲವು ವರ್ಷ ಬರುತ್ತದೆ. ವ್ಯಾಪಾರದ ಕಾರಾಗಿದ್ದರೆ ಅದನ್ನು ಮೋಟಾರ್ ಕಾರ್ ಅಕೌಂಟಿಗೆ ಡೆಬಿಟ್ ಮಾಡುತ್ತೇವೆ. ಮುಂದೆ ಫಿಲ್ಟರ್ ಬದಲಿಸಿದರೆ, ಬೆಲ್ಟ್ ಬದಲಿಸಿದರೆ ಅದು ರೆವಿನ್ಯೂ ಎಕ್ಸ್‌ಪೆಂಡಿಚರ್, ರಿಪೇರಿ ಅಕೌಂಟಿಗೆ ಹೋಗುತ್ತದೆ. ಕ್ಲಾಸಿನಲ್ಲಿ ಈ ಉದಾಹರಣೆ ಕೇಳಿದರೆ ಇನ್ನು ನೀವು ತಪ್ಪುವುದಿಲ್ಲ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ನಮ್ಮ ಕಾರು 2014ರದ್ದು, ಅಂದರೆ 2029ರಲ್ಲಿ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಕಾರು ಗಟ್ಟಿಯಾಗಿರುವುದರಿಂದ ಎಸಿಯ ಆಯುಷ್ಯ ಐದು ವರ್ಷ ಎಂದು ಹಿಡಿದೆ. ಕೊನೆಗೆ ಹಳೆಯ ಸಾಮಾನಿಗೆ 6,000 ರೂಪಾಯಿ ಬರಬಹುದು. ಸರಳ ರೇಖಾ ವಿಧಾನದಲ್ಲಿ ವರ್ಷದ ಸವಕಳಿ, 38,000ದಲ್ಲಿ 6,000 ಕಳೆದು ಐದರಿಂದ ಭಾಗಿಸಿದರೆ 6,400 ರೂಪಾಯಿ.

ಪೆಟ್ರೋಲ್ ಲೆಕ್ಕ ಹೀಗೆ. ಹೋಗಿ ಬರಲು 60 ಕಿಲೋಮೀಟರ್, ತಿಂಗಳಿಗೆ 13 ಸಲ, ಒಟ್ಟು 780 ಕಿಲೋಮೀಟರ್. ಎಸಿ ಇಲ್ಲದೆ ನಮ್ಮ ಕಾರು ಲೀಟರಿಗೆ 18 ಕಿಲೋಮೀಟರ್ ಕೊಡುತ್ತಿತ್ತು. ಎಸಿ ಹಾಕಿದಾಗ ಹದಿನೈದೂವರೆ. ಅಂದರೆ ತಿಂಗಳಿಗೆ ಸುಮಾರು 7 ಲೀಟರ್ ಹೆಚ್ಚು. ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ 721 ರೂಪಾಯಿ. ಮಳೆ ಬಿದ್ದ ದಿನ, ಚಳಿಗಾಲ ಬಿಟ್ಟು ವರ್ಷಕ್ಕೆ ಎಂಟು ತಿಂಗಳು ಎಸಿ ಬೇಕಾಗುತ್ತದೆ ಎಂದುಕೊಂಡರೆ ಸುಮಾರು 5,800 ರೂಪಾಯಿ. ಸರ್ವಿಸಿಗೆ ವರ್ಷಕ್ಕೆ 2,000 ತೆಗೆದಿಟ್ಟೆ.

ಒಟ್ಟು ವರ್ಷಕ್ಕೆ 6,400 ಜೊತೆ 5,800 ಜೊತೆ 2,000, ಅಂದರೆ 14,200 ರೂಪಾಯಿ. ಎಂಟು ತಿಂಗಳಲ್ಲಿ 104 ಪ್ರಯಾಣ. ಒಂದು ಪ್ರಯಾಣಕ್ಕೆ ಸುಮಾರು 137 ರೂಪಾಯಿ.

ಬೇರೆ ದಾರಿಗಳನ್ನೂ ನೋಡಿದೆ. ಎಸಿ ಟ್ಯಾಕ್ಸಿ ಮಾಡಿದರೆ ಹೋಗಿ, ಕಾದು, ಬರಲು ನಮ್ಮೂರಿನಲ್ಲಿ 1,200 ರೂಪಾಯಿ ಕೇಳಿದರು. ನಮ್ಮ ಕಾರಿನ ಪೆಟ್ರೋಲಿಗೆ ಎಸಿ ಇಲ್ಲದೆ ಸುಮಾರು 343 ರೂಪಾಯಿ ಆಗುತ್ತಿತ್ತು. ವ್ಯತ್ಯಾಸ ಸುಮಾರು 857 ರೂಪಾಯಿ. ಇನ್ನು ನಮ್ಮ ಕಾರು ಮಾರಿ, ಅದೇ ವಯಸ್ಸಿನ ಎಸಿ ಇರುವ ಕಾರು ಕೊಳ್ಳಲು ಮೇಲೆ 70,000 ಹಾಕಬೇಕಿತ್ತು. ಅದರ ಇಂಜಿನ್ ಹೇಗಿರುತ್ತದೋ ಗೊತ್ತಿಲ್ಲ, ನಮ್ಮದು ಗೊತ್ತು. ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ತಿಂಗಳಿಗೆ ಎರಡು ಸಲ ಮಾತ್ರ ಹೊರಡುವ ಕಾರಾಗಿದ್ದರೆ ಇದೇ ಲೆಕ್ಕ ಉಲ್ಟಾ ಆಗುತ್ತದೆ. ಸವಕಳಿ ಮತ್ತು ಸರ್ವಿಸ್ 8,400 ರೂಪಾಯಿಯನ್ನು 16 ಪ್ರಯಾಣಕ್ಕೆ ಹಂಚಿದರೆ ಒಂದಕ್ಕೆ 525 ರೂಪಾಯಿ, ಮೇಲೆ ಪೆಟ್ರೋಲ್. ಮದುವೆ, ದಾವತ್‌ಗೆ ಮಾತ್ರ ಹೊರಡುವ ಕಾರಿಗೆ ಎಸಿ ಹಾಕಿಸಿದರೆ ದಾದಿಯ ಮಾತೇ ಸರಿ, ಅದು ಇಸ್ರಾಫ್.

ಹಾಕಿಸಿದ ಮೇಲೆ ಎಚ್ಚರ

ಮೊದಲ ವಾರ ರೈಲ್ವೆ ಗೇಟಿನಲ್ಲಿ ನಿಂತಾಗ ಇಂಜಿನ್ ಬಿಸಿ ಏರಿತು. ಅಬ್ಬಾ ಎಸಿ ಆಫ್ ಮಾಡಿ ನೇರ ಗ್ಯಾರೇಜಿಗೆ ಹೋದರು. ಕಂಡೆನ್ಸರ್ ಫ್ಯಾನಿನ ಒಂದು ಕನೆಕ್ಷನ್ ಸಡಿಲವಾಗಿತ್ತು, ಐದು ನಿಮಿಷದ ಕೆಲಸ. ಗಮನಿಸದೆ ಓಡಿಸಿದ್ದರೆ ಇಂಜಿನ್ ಹೋಗುತ್ತಿತ್ತು. ಆದ್ದರಿಂದ ಹೊಸದಾಗಿ ಎಸಿ ಹಾಕಿಸಿದವರು ಬಿಸಿಯ ದೀಪದ ಮೇಲೆ ಕಣ್ಣಿಡಬೇಕು.

ಎರಡನೆಯ ಎಚ್ಚರ ಎಲ್ಲಕ್ಕಿಂತ ದೊಡ್ಡದು. ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಕಾಯುವಾಗ ಕಾರಿನಲ್ಲಿ ಎಸಿ ಹಾಕಿ ಮಲಗೋಣ ಎಂಬ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಬಾರದು. ಎಸಿ ನಡೆಯಬೇಕಾದರೆ ಇಂಜಿನ್ ನಡೆಯುತ್ತಿರಬೇಕು. ಸೈಲೆನ್ಸರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಂತ ಕಾರಿನೊಳಗೆ ಅದು ಸೇರಿದರೆ ಮಲಗಿದವರು ಏಳುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಂತೂ ಅಪಾಯ ಇನ್ನೂ ಹೆಚ್ಚು. ಅಬ್ಬಾ ಆಸ್ಪತ್ರೆಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸುತ್ತಾರೆ, ಅದೇ ಒಳ್ಳೆಯದು.

ಉಳಿದ ಸಣ್ಣ ಮಾತುಗಳು. ಬಿಸಿಲಲ್ಲಿ ನಿಂತ ಕಾರು ಹತ್ತಿದಾಗ ಎರಡು ನಿಮಿಷ ಕಿಟಕಿ ಇಳಿಸಿ ಬಿಸಿಗಾಳಿ ಬಿಟ್ಟು ಆಮೇಲೆ ಎಸಿ ಹಾಕಿ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಹಾಕಿದರೆ ಬೇಗ ತಂಪಾಗುತ್ತದೆ, ಆದರೆ ದೂರದ ದಾರಿಯಲ್ಲಿ ಆಗಾಗ ಹೊರಗಿನ ಗಾಳಿ ಬಿಡಿ, ಇಲ್ಲದಿದ್ದರೆ ಓಡಿಸುವವರಿಗೆ ತೂಕಡಿಕೆ ಬರುತ್ತದೆ. ಇನ್ಶೂರೆನ್ಸ್ ನವೀಕರಿಸುವಾಗ ಹೊರಗಿನಿಂದ ಎಸಿ ಹಾಕಿಸಿದ್ದನ್ನು ತಿಳಿಸಿ, ಅದರ ಮೌಲ್ಯ ಸೇರಿಸಿ. ಅದಕ್ಕೆ ಬಿಲ್ಲು ಬೇಕು. ಓಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ನಮ್ಮ ಲೆಕ್ಚರರ್ ಹೇಳುವುದು ಗ್ಯಾರೇಜಿಗೂ ಅನ್ವಯಿಸುತ್ತದೆ.

ಕೊನೆಯದಾಗಿ

ತಂಪು ಬರೀ ಸುಖದ ವಸ್ತು ಎಂಬ ಯೋಚನೆ ಬದಲಾಗುತ್ತಿದೆ. 1 ಅಕ್ಟೋಬರ್ 2025ರ ನಂತರ ತಯಾರಾಗುವ ಮಧ್ಯಮ ಮತ್ತು ದೊಡ್ಡ ಸರಕು ಲಾರಿಗಳ ಕ್ಯಾಬಿನಿನಲ್ಲಿ ಎಸಿ ಇರಲೇಬೇಕು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ದಿನವಿಡೀ ಇಂಜಿನ್ ಪಕ್ಕ ಕೂತು ದುಡಿಯುವ ಚಾಲಕನಿಗೆ ಅದು ಐಷಾರಾಮವಲ್ಲ. ಹಾಗೆಯೇ ನೀರು ಕುಡಿಯಲಾಗದ ರೋಗಿಗೂ ಅಲ್ಲ. ಯಾವುದು ದುಂದು, ಯಾವುದು ಅಗತ್ಯ ಎಂದು ವಸ್ತುವನ್ನು ನೋಡಿ ಹೇಳಲಾಗದು. ಯಾರಿಗೆ, ಎಷ್ಟು ಸಲ, ಯಾವ ಕಾರಣಕ್ಕೆ ಎಂದು ನೋಡಿದರೆ ಮಾತ್ರ ತಿಳಿಯುತ್ತದೆ.

ನಾನು ಲೆಕ್ಕದ ಹಾಳೆಯನ್ನು ದಾದಿಗೆ ಉರ್ದುವಿನಲ್ಲಿ ಓದಿ ಹೇಳಿದೆ. 38,000 ಎಂದಾಗ ತಲೆ ಅಲ್ಲಾಡಿಸಿದರು. 137 ಎಂದಾಗ ಸುಮ್ಮನಾದರು. ಈಗ ಮಧ್ಯಾಹ್ನ ಮನೆಗೆ ಬರುವಾಗ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾರೆ. ದಾರಿಯಲ್ಲಿ ನೀರಿನ ಬಾಟಲಿ ಕೇಳುವುದು ಕಡಿಮೆಯಾಗಿದೆ. ಆದರೂ ಮನೆ ಇನ್ನೂ ಎರಡು ಕಿಲೋಮೀಟರ್ ಇದೆ ಎನ್ನುವಾಗ ಎದ್ದು, "ಇನ್ನು ಸಾಕು, ಎಸಿ ಬಂದ್ ಮಾಡು, ಪೆಟ್ರೋಲ್ ಉಳಿಯುತ್ತದೆ" ಎಂದು ಅಬ್ಬಾಗೆ ಹೇಳುತ್ತಾರೆ. ಅಬ್ಬಾ ಬಂದ್ ಮಾಡುತ್ತಾರೆ.